ರಕ್ತ ಬಿಡುವುದಕ್ಕೊಂದು ಹೆಸರು: ಹಳೆಯ ಇಂಗ್ಲಿಷ್ ವೈದ್ಯ ಬರಹಗಳಲ್ಲಿ ಭಾವನಾಮಗಳು ಹುಟ್ಟಿದ ಬಗೆ

ಪದಪಥಿಕ:
ಎಲ್ಲರಿಗೂ ನಮಸ್ಕಾರ. ಧಾತುವಿಗೆ ಪ್ರತ್ಯಯ ಹಚ್ಚಿ ಕೆಲಸದ ಹೆಸರು ಮಾಡುವುದನ್ನು ಶಾಲೆಯಲ್ಲಿ ಕೃದಂತ ಭಾವನಾಮ ಎಂದು ಕಲಿತಿದ್ದೇವೆ: ಓಡು–ಓಟ, ಕಡಿ–ಕಡಿತ, ಅಂಜು–ಅಂಜಿಕೆ, ಓದು–ಓದುವಿಕೆ. ಇಂಗ್ಲಿಷಿನಲ್ಲಿ ಇವತ್ತು ಇದಕ್ಕೆ ಎರಡು ಹೆದ್ದಾರಿಗಳಿವೆ, ‘-ಇಂಗ್’ ಮತ್ತು ‘-ಷನ್’. ವೈದ್ಯಕೀಯದಲ್ಲಂತೂ ಎರಡೂ ಜೋಡಿಯಾಗಿಯೇ ಸಿಗುತ್ತವೆ: ಬ್ರೀದಿಂಗ್–ರೆಸ್ಪಿರೇಷನ್, ಪರ್ಜಿಂಗ್–ಪರ್ಗೇಷನ್ (ಭೇದಿ ಮಾಡಿಸುವುದು), ಕಟಿಂಗ್–ಇನ್ಸಿಷನ್.

ಲ್ಯಾಟಿನ್ ಬಂದು ನಾಡಮಾತನ್ನು ಮೂಲೆಗೆ ತಳ್ಳಿತು ಎಂಬ ವಿವರಣೆಯನ್ನು ಎಲ್ಲ ಕಡೆ ಓದುತ್ತೇನೆ. ವೈದ್ಯ ಗ್ರಂಥಗಳ ಮಟ್ಟಿಗೆ ನಡೆದದ್ದು ಇಷ್ಟೇಯೇ? ಲ್ಯಾಟಿನ್ ಬರುವ ಮೊದಲು ವಾಂತಿ, ಸೀನು, ರಕ್ತಸ್ರಾವ ಇವಕ್ಕೆಲ್ಲ ಇಂಗ್ಲಿಷ್ ವೈದ್ಯರು ಹೆಸರು ಕಟ್ಟುತ್ತಿದ್ದದ್ದು ಹೇಗೆ? ಬಲ್ಲವರು ಉದಾಹರಣೆ ಸಮೇತ ತಿಳಿಸಿ.

ಹಸ್ತಪ್ರತಿಪ್ರಿಯೆ:
ಒಳ್ಳೆಯ ಪ್ರಶ್ನೆ. ಮೊದಲಿನಿಂದ ಹೇಳುತ್ತೇನೆ, ಉದ್ದವಾದರೆ ಸಹಿಸಿಕೊಳ್ಳಿ.

ಇಂಗ್ಲಿಷಿನಲ್ಲಿ ಉಳಿದುಬಂದಿರುವ ಹಳೆಯ ವೈದ್ಯ ಗ್ರಂಥಗಳು 10ನೇ ಶತಮಾನದ ಆಸುಪಾಸಿನವು. ಬಾಲ್ಡ್‌ನ ವೈದ್ಯಗ್ರಂಥ ಎಂದು ಹೆಸರಾದ ‘ಲೀಚ್‌ಬುಕ್’, ಮದ್ದುಗಿಡಗಳ ಬಗ್ಗೆ ಲ್ಯಾಟಿನ್ನಿನಿಂದ ಅನುವಾದವಾದ ‘ಹರ್ಬೇರಿಯಂ’, ಮಂತ್ರ ಮತ್ತು ಮದ್ದು ಬೆರೆತ ‘ಲಾಕ್ನುಂಗ’ ಇವುಗಳಲ್ಲಿ ಮುಖ್ಯ. ನಿಮ್ಮ ಉತ್ತರ ಈ ಕೊನೆಯ ಹೆಸರಿನಲ್ಲೇ ಇದೆ. ‘ಲಾಕ್ನಿಯನ್’ ಎಂದರೆ ಗುಣಪಡಿಸು, ಅದಕ್ಕೆ ‘-ಉಂಗ್’ ಸೇರಿ ‘ಲಾಕ್ನುಂಗ್’, ಅಂದರೆ ಗುಣಪಡಿಸುವಿಕೆ, ಮದ್ದು. ಅದರ ಬಹುವಚನ ಲಾಕ್ನುಂಗ. ಹಸ್ತಪ್ರತಿಯಲ್ಲಿ ಈ ಶೀರ್ಷಿಕೆ ಇಲ್ಲ, 1860ರ ದಶಕದಲ್ಲಿ ಅದನ್ನು ಸಂಪಾದಿಸಿದ ಓಸ್ವಾಲ್ಡ್ ಕಾಕೆಯ್ನ್ ಇಟ್ಟದ್ದು. ಆದರೆ ಪದ ಆ ಕಾಲದ್ದೇ.

ಈ ‘-ಉಂಗ್’, ‘-ಇಂಗ್’ ಒಂದೇ ಪ್ರತ್ಯಯದ ಎರಡು ರೂಪಗಳು. ‘-ಇಯನ್’ ಎಂದು ಮುಗಿಯುವ ಕ್ರಿಯಾಪದಗಳಿಗೆ ಹೆಚ್ಚಾಗಿ ‘-ಉಂಗ್’ ಹತ್ತುತ್ತಿತ್ತು. ಸೀನುವುದಕ್ಕೆ ‘ಫ್ನೇಯೊಸುಂಗ್’, ಶುದ್ಧಿಗೆ ‘ಕ್ಲ್ಯಾನ್ಸುಂಗ್’ (ಇವತ್ತಿನ ಕ್ಲೆನ್ಸಿಂಗ್), ಎಣ್ಣೆ ಸವರುವುದಕ್ಕೆ ‘ಸ್ಮಿರುಂಗ್’. 13ನೇ ಶತಮಾನದ ನಡುಭಾಗದ ಹೊತ್ತಿಗೆ ‘-ಉಂಗ್’ ಬಹುಮಟ್ಟಿಗೆ ಸವೆದುಹೋಗಿ ‘-ಇಂಗ್’ ಒಂದೇ ಉಳಿಯಿತು.

ಆಗ ಇದ್ದದ್ದು ಇದೊಂದೇ ದಾರಿಯಲ್ಲ. ಧಾತುವಿನ ಸ್ವರವನ್ನೋ ಕೊನೆಯ ವ್ಯಂಜನವನ್ನೋ ಬದಲಿಸಿ ಹೆಸರು ಮಾಡುವ ಇನ್ನೂ ಹಳೆಯ ಪದ್ಧತಿ ಜೀವಂತವಾಗಿತ್ತು. ಹರಿ, ಓಡು ಎಂಬ ಧಾತುವಿನಿಂದ ‘ರ್ಯುನೆ’, ಅದರಿಂದ ರಕ್ತಸ್ರಾವಕ್ಕೆ ‘ಬ್ಲೋಡ್‌ರ್ಯುನೆ’. ಚುಚ್ಚು ಎಂಬ ಧಾತುವಿನಿಂದ ‘ಸ್ಟಿಚೆ’, ಚುಚ್ಚುವ ನೋವು. ಲಾಕ್ನುಂಗದಲ್ಲಿರುವ ಪ್ರಸಿದ್ಧ ಮಂತ್ರವೊಂದು ‘ಫ್ಯಾರ್‌ಸ್ಟಿಚೆ’, ಎಂದರೆ ಥಟ್ಟನೆ ಬರುವ ಚುಚ್ಚುನೋವು, ಅದರ ನಿವಾರಣೆಗೆಂದೇ ಇದೆ. ಓಡುವಾಗ ಪಕ್ಕೆಯಲ್ಲಿ ಬರುವ ನೋವನ್ನು ಇಂಗ್ಲಿಷಿನಲ್ಲಿ ಇವತ್ತಿಗೂ ಸ್ಟಿಚ್ ಎನ್ನುತ್ತಾರಲ್ಲ, ಅದೇ ಪದ. ಇನ್ನೊಂದು ಪ್ರತ್ಯಯ ‘-ಥ’: ‘ಸ್ಪೀವನ್’ (ಕಾರು) ಧಾತುವಿನಿಂದ ‘ಸ್ಪೀವ್ಥ’, ವಾಂತಿ. ಗ್ರೋ–ಗ್ರೋತ್ ಇದೇ ಮಾದರಿಯಲ್ಲಿ ಬಹಳ ತಡವಾಗಿ, 16ನೇ ಶತಮಾನದಲ್ಲಿ ಕಾಣಿಸಿಕೊಂಡಿತು.

ನನ್ನ ಗಮನ ಸೆಳೆಯುವುದು ‘-ನೆಸ್’. ಇಂದು ಅದು ಹೆಚ್ಚಾಗಿ ಗುಣವಾಚಕಕ್ಕೆ ಹತ್ತುತ್ತದೆ. ಆಗ ಭೂತಕೃದಂತಕ್ಕೂ ಹತ್ತುತ್ತಿತ್ತು. ‘ಟೋಬ್ಲಾವೆನ್’ ಎಂದರೆ ಉಬ್ಬಿದ, ಅದಕ್ಕೆ ‘-ನೆಸ್’ ಹಚ್ಚಿದರೆ ಹೊಟ್ಟೆಯುಬ್ಬರಕ್ಕೆ ಹೆಸರು ಸಿದ್ಧ. ಲ್ಯಾಟಿನ್ನಿನ ‘ಇನ್‌ಫ್ಲಾಟಿಯೊ’ ಥರದ ಪದಗಳನ್ನು ಎದುರಿಗಿಟ್ಟುಕೊಂಡು ಅನುವಾದಕರು ಹೀಗೆ ಬೇಕಾದಷ್ಟು ಪದ ಕಟ್ಟಿದರು. ಅವರು ಎರವಲು ತರಲಿಲ್ಲ ಎಂಬುದು ಮುಖ್ಯ. ಅಚ್ಚು ಲ್ಯಾಟಿನ್ನಿನದು, ಲೋಹ ತಮ್ಮದು.

ನೇತ್ರಾವತಿ ತೀರ:
ಮೇಡಂ, ರಕ್ತ ಬಿಡಿಸುವ ಚಿಕಿತ್ಸೆ ಆ ಕಾಲದಲ್ಲಿ ಎಲ್ಲದಕ್ಕೂ ಮದ್ದಾಗಿತ್ತಲ್ಲ. ಬ್ಲಡ್‌ಲೆಟಿಂಗ್ ಎಂಬ ಪದ ಆಗಲೇ ಇತ್ತೇ? ಅದರ ರಚನೆ ನಮ್ಮ ‘ರಕ್ತಮೋಕ್ಷಣ’ದ ಹಾಗೆಯೇ ಕಾಣುತ್ತದೆ, ಮೊದಲು ಕರ್ಮ, ಆಮೇಲೆ ಕೆಲಸದ ಹೆಸರು.

ಹಸ್ತಪ್ರತಿಪ್ರಿಯೆ:
ರಚನೆ ಇತ್ತು, ಪದ ಬೇರೆ. ಹಳೆಯ ಇಂಗ್ಲಿಷಿನಲ್ಲಿ ‘ಬ್ಲೋಡ್‌ಲ್ಯಾಸ್’ ಎನ್ನುತ್ತಿದ್ದರು. ಇದರ ಉತ್ತರಪದವೂ ‘ಬಿಡು’ ಎಂಬ ಧಾತುವಿಗೆ ಸಂಬಂಧಿಸಿದ್ದೇ, ಆದರೆ ‘-ಇಂಗ್’ ಇಲ್ಲ. ಲೀಚ್‌ಬುಕ್ಕಿನ ಮೊದಲ ಭಾಗದಲ್ಲಿ ರಕ್ತ ಬಿಡಿಸುವ ಕಾಲದ ಬಗ್ಗೆ ಒಂದು ಅಧ್ಯಾಯವೇ ಇದೆ. ಆಗಸ್ಟ್ 1ರ ಲ್ಯಾಮಸ್ ಹಬ್ಬಕ್ಕೆ 15 ರಾತ್ರಿ ಮೊದಲು ಮತ್ತು ಆಮೇಲೆ 35 ರಾತ್ರಿ ರಕ್ತ ಬಿಡಿಸಬಾರದು ಎಂಬ ನಿಯಮ ಬರುವುದು ಅಲ್ಲಿಯೇ. ಹೀಗೆ ‘ಇಂತಿಷ್ಟು ದಿನ ಇದನ್ನು ಮಾಡಬಾರದು’ ಎಂದು ಹೇಳಬೇಕಾದಾಗ ಕೆಲಸಕ್ಕೆ ಹೆಸರು ಬೇಕಾಗುತ್ತದೆ. ‘ರಕ್ತ ಬಿಡು’ ಎಂಬ ವಿಧಿರೂಪವೊಂದರಿಂದ ಸಾಗದು.

‘ಬ್ಲೋಡ್‌ಲೆಟುಂಗೆ’ ಎಂಬ ರೂಪ ಸಿಗುವುದು 13ನೇ ಶತಮಾನದ ಆರಂಭದಲ್ಲಿ. ಸಿಗುವುದು ವೈದ್ಯ ಗ್ರಂಥದಲ್ಲಲ್ಲ, ಏಕಾಂತವಾಸದ ಸಾಧ್ವಿಯರಿಗಾಗಿ ಬರೆದ ‘ಆಂಕ್ರೆನ್ ವಿಸ್’ ಎಂಬ ನಡಾವಳಿ ಗ್ರಂಥದಲ್ಲಿ. ಅವರು ವರ್ಷಕ್ಕೆ 4 ಸಲ ರಕ್ತ ಬಿಡಿಸಿಕೊಳ್ಳಬಹುದು ಎಂದು ಅಲ್ಲಿ ಹೇಳಿದೆ. ಆ ಪದದಲ್ಲಿ ‘-ಉಂಗ್’ ಇನ್ನೂ ಉಸಿರಾಡುತ್ತಿದೆ, ನೋಡಿ.

ಮಧ್ಯಯುಗದ ಮಾತು:
ಮುಂದಿನ ಕಥೆಗೆ ನಾನು ಸೇರಿಕೊಳ್ಳುತ್ತೇನೆ. ನಾನು ಓದಿರುವುದು ಹೆಚ್ಚಾಗಿ 1375ರಿಂದ 1500ರವರೆಗಿನ ಪಠ್ಯಗಳು.

1066ರಲ್ಲಿ ಫ್ರಾನ್ಸಿನಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಸುಮಾರು 3 ಶತಮಾನ ಇಂಗ್ಲೆಂಡಿನಲ್ಲಿ ವಿದ್ವತ್ತಿನ ವೈದ್ಯ ನಡೆದದ್ದು ಲ್ಯಾಟಿನ್ ಮತ್ತು ಫ್ರೆಂಚಿನಲ್ಲಿ. 14ನೇ ಶತಮಾನದ ಕೊನೆಗೆ ಅದು ಇಂಗ್ಲಿಷಿಗೆ ಮರಳಿತು, ಅದೂ ಅನುವಾದದ ಮೂಲಕ. ಲ್ಯಾನ್‌ಫ್ರಾಂಕ್ 1296ರಲ್ಲಿ ಪ್ಯಾರಿಸ್ಸಿನಲ್ಲಿ ಮುಗಿಸಿದ ಶಸ್ತ್ರವೈದ್ಯ ಗ್ರಂಥ, ಗೀ ದ ಶೋಲಿಯಾಕ್ 1363ರಲ್ಲಿ ಮುಗಿಸಿದ ಮಹಾಗ್ರಂಥ, ಭಗಂದರದ ಶಸ್ತ್ರಚಿಕಿತ್ಸೆಗೆ ಹೆಸರಾದ ಜಾನ್ ಆರ್ಡರ್ನ್‌ನ ಬರಹ, ಎಲ್ಲವೂ ಲ್ಯಾಟಿನ್ನಿನಲ್ಲಿ ಹುಟ್ಟಿ ಆಮೇಲೆ ಇಂಗ್ಲಿಷಾದವು. ಹೆನ್ರಿ ಡೇನಿಯಲ್ ಎಂಬ ಡೊಮಿನಿಕನ್ ಸನ್ಯಾಸಿ ಮೂತ್ರಪರೀಕ್ಷೆಯ ಬಗ್ಗೆ ಇಂಗ್ಲಿಷಿನಲ್ಲೇ ದೊಡ್ಡ ಗ್ರಂಥ ಬರೆದದ್ದು ಇದೇ ಹೊತ್ತಿಗೆ.

ಈ ಅನುವಾದಕರ ಮುಂದಿದ್ದ ಲ್ಯಾಟಿನ್ ವಾಕ್ಯದಲ್ಲಿ ‘ಪುರ್ಗಾಟಿಯೊ’, ‘ಇನ್‌ಸಿಸಿಯೊ’, ‘ಡೈಜೆಸ್ಟಿಯೊ’ ಸಾಲುಗಟ್ಟಿ ನಿಂತಿದ್ದವು. ಹಳೆಯ ಕಾಲದವರ ಹಾಗೆ ಇವರು ಅಚ್ಚಿಗೆ ಲೋಹ ಸುರಿಯಲಿಲ್ಲ, ಪದವನ್ನೇ ಎತ್ತಿಕೊಂಡರು. ಕಾರಣವೂ ಇತ್ತು. ಫ್ರೆಂಚಿನ ಮೂಲಕ ‘-ಸಿಯೂನ್’ (ಇವತ್ತಿನ ‘-ಷನ್’) ಕೊನೆಯ ಪದಗಳು ಧರ್ಮ, ಕಾನೂನುಗಳಲ್ಲಿ ಆಗಲೇ ಕಿವಿಗೆ ಬಿದ್ದಿದ್ದವು. ಬಾಗಿಲು ತೆರೆದೇ ಇತ್ತು.

ಹೀಗಿರುವಾಗ ‘-ಷನ್ ಪ್ರತ್ಯಯ ಹಚ್ಚಿ ಪದ ಮಾಡಿದರು’ ಎನ್ನುವುದು ಆ ಕಾಲಕ್ಕೆ ಸರಿಹೊಂದುವುದಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದ ಇನ್ನೂ ಇಲ್ಲದಾಗಲೇ ಭಾವನಾಮ ಬಂದು ಕೂತಿತ್ತು. ‘ಇವ್ಯಾಕ್ಯುಯೇಷನ್’ (ದೇಹದಿಂದ ಹೊರಹಾಕುವುದು) 1400ರ ಸುಮಾರಿಗೇ ಇದೆ, ‘ಇವ್ಯಾಕ್ಯುಯೇಟ್’ ಬರುವುದು 16ನೇ ಶತಮಾನದಲ್ಲಿ. ‘ಆಪರೇಷನ್’ 14ನೇ ಶತಮಾನದ್ದು, ‘ಆಪರೇಟ್’ 1600ರ ಆಸುಪಾಸಿನದು. ಮರಿಯ ಹಿಂದೆ ತಾಯಿ ಬಂದ ಹಾಗೆ. ‘-ಇಂಗ್’ ಮಾತ್ರ ನಿಜಕ್ಕೂ ಕೆಲಸ ಮಾಡುತ್ತಿದ್ದ ಪ್ರತ್ಯಯ. ಎರವಲು ಬಂದ ಧಾತುವಿಗೂ ಅದು ಸಲೀಸಾಗಿ ಹತ್ತುತ್ತಿತ್ತು: ಪರ್ಜ್‌ನಿಂದ ಪರ್ಜಿಂಗ್, ಕ್ಯೂರ್‌ನಿಂದ ಕ್ಯೂರಿಂಗ್.

ಸಹ್ಯಾದ್ರಿ ಓದುಗ:
ಇಷ್ಟು ಕೇಳಿದ ಮೇಲೂ ನನಗೆ ಇದು ಪ್ರತಿಷ್ಠೆಯ ಮಾತಾಗಿಯೇ ಕಾಣುತ್ತದೆ. ‘ಕಟಿಂಗ್’ ಇದ್ದಾಗ ‘ಇನ್ಸಿಷನ್’ ಯಾಕೆ ಬೇಕಿತ್ತು? ರೋಗಿಗೆ ಅರ್ಥವಾಗದಿದ್ದರೆ ವೈದ್ಯನ ತೂಕ ಹೆಚ್ಚುತ್ತದೆ. 16ನೇ ಶತಮಾನದಲ್ಲಿ ಇಂಗ್ಲಿಷರೇ ಇಂಥ ಪಂಡಿತ ಪದಗಳನ್ನು ‘ಮಸಿಕುಡಿಕೆಯ ಪದಗಳು’ ಎಂದು ಹಂಗಿಸಿ ಅವುಗಳ ವಿರುದ್ಧ ಜಗಳ ತೆಗೆದಿದ್ದರಲ್ಲ. ಜನರ ಬಾಯಲ್ಲಿದ್ದ ಮಾತನ್ನು ಬದಿಗಿಟ್ಟದ್ದು ನಷ್ಟವೇ, ಅದನ್ನು ನಷ್ಟ ಎಂದೇ ಕರೆಯಬೇಕು.

ಮಧ್ಯಯುಗದ ಮಾತು:
ನಷ್ಟವಾದದ್ದು ನಿಜ. ‘ಬ್ಲೋಡ್‌ರ್ಯುನೆ’ಯಂಥ ಪದ ಹೋದದ್ದಕ್ಕೆ ನನಗೂ ದುಃಖವಿದೆ. ಆದರೆ ಪ್ರತಿಷ್ಠೆ ಒಂದರಿಂದಲೇ ಇದನ್ನು ವಿವರಿಸಲಾಗದು. ಎರಡು ವಿಷಯ ಗಮನಿಸಿ.

ಒಂದು, ಮದ್ದಿನ ಪಾಕಪಟ್ಟಿಗಳಲ್ಲಿ ಭಾವನಾಮಗಳೇ ಕಡಿಮೆ. ಅಲ್ಲಿ ನಡೆಯುವುದೆಲ್ಲ ವಿಧಿರೂಪ: ತೆಗೆದುಕೋ, ಕುದಿಸು, ಸೋಸು, ಕುಡಿಸು. ಭಾವನಾಮ ಕಾಣಿಸುವುದು ತಲೆಬರಹದಲ್ಲಿ ಮಾತ್ರ, ‘ಮೂಗಿನಿಂದ ರಕ್ತ ಸೋರುವುದಕ್ಕೆ’, ‘ರಕ್ತ ಉಗುಳುವುದಕ್ಕೆ’ ಎಂಬ ಹಾಗೆ. ಅವು ಬಹುತೇಕ ‘-ಇಂಗ್’ ಪದಗಳೇ. ಅಂದರೆ ಜನರ ಕೈಯಲ್ಲಿದ್ದ ಬರಹ ಜನರ ಮಾತಿನಲ್ಲೇ ಉಳಿದಿತ್ತು. ‘-ಸಿಯೂನ್’ ದಟ್ಟವಾಗಿರುವುದು ಸಿದ್ಧಾಂತ ಹೇಳುವ ಗ್ರಂಥಗಳಲ್ಲಿ, ಅನುವಾದಿತ ಶಸ್ತ್ರವೈದ್ಯದಲ್ಲಿ.

ಎರಡು, ಅಲ್ಲಿ ಅದು ಬೇಕಿತ್ತು. ಪ್ರಾಚೀನ ಗ್ರೀಕ್ ವೈದ್ಯ ಗೇಲೆನ್ನನ ಪರಂಪರೆಯಲ್ಲಿ ಪಚನ 3 ಹಂತದ್ದು: ಮೊದಲು ಜಠರದಲ್ಲಿ, ಆಮೇಲೆ ಯಕೃತ್ತಿನಲ್ಲಿ, ಕೊನೆಗೆ ಅಂಗಾಂಗಗಳಲ್ಲಿ. ‘ಎರಡನೆಯ ಡೈಜೆಷನ್ ಕೆಟ್ಟರೆ ಇಂಥ ಲಕ್ಷಣ’ ಎಂದು ಹೇಳುವಾಗ ಪದ ಊಟ ಅರಗುವ ಅನುಭವವನ್ನು ಹೇಳುತ್ತಿಲ್ಲ, ಒಂದು ಶಾಸ್ತ್ರದ ವಸ್ತುವನ್ನು ಹೇಳುತ್ತಿದೆ. ಶಸ್ತ್ರವೈದ್ಯರಿಗೆ ಅದೇ ‘ಡೈಜೆಷನ್’ ಎಂದರೆ ಗಾಯವನ್ನು ಮಾಗಿಸಿ ಕೀವು ಬರಿಸುವುದು. ಗಾಯ ಶುದ್ಧ ಮಾಡುವುದು ‘ಮಂಡಿಫಿಕೇಷನ್’. ಹೊಸ ಮಾಂಸ ತುಂಬಿಕೊಳ್ಳುವುದು ‘ಇನ್‌ಕಾರ್ನೇಷನ್’. ಹೌದು, ದೇವರ ಅವತಾರಕ್ಕೆ ಬಳಸುವ ಅದೇ ಪದ. ಬಿಟ್ಟುಹೋದದ್ದು ಬೆಸೆದುಕೊಳ್ಳುವುದು ‘ಕನ್ಸಾಲಿಡೇಷನ್’. ಗಾಯ ವಾಸಿಯಾಗುವ ದಾರಿಯ ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆ ಮದ್ದು, ಬೇರೆ ಹೆಸರು. ಇಷ್ಟನ್ನೂ ‘ಹೀಲಿಂಗ್’ ಒಂದರಲ್ಲೇ ಹೇಳಿದ್ದರೆ ಕಲಿಯುವವನಿಗೆ ಯಾವ ಹಂತಕ್ಕೆ ಯಾವ ಮುಲಾಮು ಎಂಬುದು ತಿಳಿಯುತ್ತಿರಲಿಲ್ಲ.

ಪದಪಥಿಕ:
ಇದು ನನ್ನ ಪ್ರಶ್ನೆಯನ್ನೇ ಬದಲಿಸಿತು. ಯಾವುದು ಗೆದ್ದಿತು ಎನ್ನುವುದಕ್ಕಿಂತ ಯಾವುದು ಯಾವ ಕೆಲಸಕ್ಕೆ ನಿಂತಿತು ಎಂದು ಕೇಳಬೇಕಿತ್ತು. ಒಂದೇ ಪುಸ್ತಕದಲ್ಲಿ ಈ ಎರಡೂ ಬಗೆಯ ಪದಗಳು ಕೆಲಸ ಹಂಚಿಕೊಂಡಿರುವ ಉದಾಹರಣೆ ಸಿಗುತ್ತದೆಯೇ?

ಮಧ್ಯಯುಗದ ಮಾತು:
ಸಿಗುತ್ತದೆ. ಥಾಮಸ್ ಎಲಿಯಟ್ 1530ರ ದಶಕದಲ್ಲಿ ಅಚ್ಚು ಹಾಕಿಸಿದ ‘ಕ್ಯಾಸಲ್ ಆಫ್ ಹೆಲ್ತ್’. ಎಲಿಯಟ್ ವೃತ್ತಿಯಿಂದ ವೈದ್ಯನಲ್ಲ, ರಾಜತಾಂತ್ರಿಕ. ವೈದ್ಯವನ್ನು ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಆಕ್ಷೇಪ ಕೇಳಿ ಸಮರ್ಥಿಸಿಕೊಂಡವನು. ಆ ಪುಸ್ತಕದ ಮೂರನೆಯ ಭಾಗದ ಅಧ್ಯಾಯಗಳನ್ನು ಸಾಲಾಗಿ ನೋಡಿದರೆ ಸಾಕು. ದೇಹದಲ್ಲಿ ಅತಿಯಾಗಿ ತುಂಬಿಕೊಳ್ಳುವುದು ‘ರಿಪ್ಲೀಷನ್’, ಅದನ್ನು ಹೊರಹಾಕುವುದು ‘ಇವ್ಯಾಕ್ಯುಯೇಷನ್’. ಇವು ವರ್ಗದ ಹೆಸರುಗಳು, ಎರಡೂ ಲ್ಯಾಟಿನ್ನಿನವು. ಹೊರಹಾಕುವ ಬಗೆಗಳಿಗೆ ಇಳಿದ ಹಾಗೆ ‘ವಾಮಿಟ್’, ‘ಪರ್ಗೇಷನ್’, ಆಮೇಲೆ ‘ಲೆಟಿಂಗ್ ಆಫ್ ಬ್ಲಡ್’, ಚರ್ಮ ಗೀರಿ ಬಟ್ಟಲಿಟ್ಟು ರಕ್ತ ಎಳೆಯುವುದಕ್ಕೆ ‘ಸ್ಕ್ಯಾರಿಫೈಯಿಂಗ್’, ಅದಕ್ಕೇ ಜನ ಹೇಳುವ ‘ಬಾಕ್ಸಿಂಗ್’, ‘ಕಪಿಂಗ್’. ಮೇಲಿನ ತತ್ತ್ವಕ್ಕೆ ‘-ಷನ್’, ಕ್ಷೌರಿಕನೋ ಶಸ್ತ್ರವೈದ್ಯನೋ ಕೈಯಾರೆ ಮಾಡುವ ಕೆಲಸಕ್ಕೆ ‘-ಇಂಗ್’. ಇದನ್ನು ಕಟ್ಟುನಿಟ್ಟಿನ ನಿಯಮ ಎನ್ನಲಾರೆ, ‘ಪರ್ಗೇಷನ್’ ಅಲ್ಲೇ ಅಡ್ಡ ಬರುತ್ತದೆ. ಆದರೆ ಒಲವು ಸ್ಪಷ್ಟ.

ಔಷಧಶಾಲೆ:
ನಾನು ಫಾರ್ಮಸಿ ಕಲಿಸುವವಳು. ನಮ್ಮ ಶಾಸ್ತ್ರದ ಪದಗಳತ್ತ ನೋಡಿ, ಇಲ್ಲಿ ಇನ್ನೊಂದು ಸೊಗಸಿದೆ. ಮದ್ದಿನ ಹಲವು ರೂಪಗಳ ಹೆಸರುಗಳು ಒಂದು ಕಾಲದ ಕೆಲಸದ ಹೆಸರುಗಳೇ. ‘ಡಿಕಾಕ್ಷನ್’ ಎಂದರೆ ಕುದಿಸಿ ಇಂಗಿಸುವುದು, ‘ಇನ್‌ಫ್ಯೂಷನ್’ ಮೇಲೆ ಸುರಿಯುವುದು, ‘ಲೋಷನ್’ ತೊಳೆಯುವುದು, ‘ಪೋಷನ್’ ಕುಡಿಯುವುದು. ಕೆಲಸದಿಂದ ಹುಟ್ಟಿದ ವಸ್ತುವಿಗೇ ಆ ಹೆಸರು ಅಂಟಿಕೊಂಡಿತು. ನಮ್ಮ ಮನೆಗಳಲ್ಲಿ ಫಿಲ್ಟರಿನಿಂದ ಇಳಿಸುವ ಕಾಫಿ ಡಿಕಾಕ್ಷನ್ನಿಗೂ ಬಂದಿರುವುದು ಇದೇ ಪದ.

ಲ್ಯಾಟಿನ್ನಿನ ‘ಪೋಟಿಯೊ’, ಅಂದರೆ ಕುಡಿಯುವಿಕೆ, ಇಂಗ್ಲಿಷಿಗೆ ಎರಡು ಸಲ ಬಂದಿದೆ. ಹಳೆಯ ಫ್ರೆಂಚಿನಲ್ಲಿ ಸವೆದು ಬಂದದ್ದು ‘ಪಾಯ್ಸನ್’, ವಿಷ. ವಿದ್ವಾಂಸರ ಲ್ಯಾಟಿನ್ನಿಗೆ ಹತ್ತಿರವಾಗಿ ಬಂದದ್ದು ‘ಪೋಷನ್’, ಮದ್ದು.

‘-ಇಂಗ್’ ಪದಗಳೂ ಹೀಗೆ ಗಟ್ಟಿಯಾಗುತ್ತವೆ. ‘ಸ್ವೆಲಿಂಗ್’ ಎಂದರೆ ಊದಿಕೊಳ್ಳುವುದೂ ಹೌದು, ಕೈಗೆ ಸಿಗುವ ಬಾವೂ ಹೌದು. ಶಸ್ತ್ರವೈದ್ಯದ ‘-ಯೂರ್’ (ಬರಹದಲ್ಲಿ ‘-ure’) ಗುಂಪಂತೂ ಪೂರ್ತಿ ಹೀಗೇ: ಲಿಗೇಚರ್ ಎಂದರೆ ಕಟ್ಟುವುದು, ಕಟ್ಟಿದ ದಾರವೂ ಹೌದು. ಸೂಚರ್ ಹೊಲಿಯುವುದು, ಹೊಲಿಗೆಯೂ ಹೌದು. ನಮ್ಮ ‘ಹೊಲಿಗೆ’ ಎಂಬ ಭಾವನಾಮಕ್ಕೂ ಈ ಎರಡು ಅರ್ಥಗಳಿವೆ.

ನೇತ್ರಾವತಿ ತೀರ:
ಎಲಿಯಟ್‌ನ ಪಟ್ಟಿಯಲ್ಲಿ ‘ವಾಮಿಟ್’ ಯಾವ ಪ್ರತ್ಯಯವೂ ಇಲ್ಲದೆ ನಿಂತಿದೆಯಲ್ಲ. ಅದು ಕ್ರಿಯಾಪದವನ್ನೇ ನಾಮಪದವಾಗಿ ಬಳಸಿದ್ದೇ?

ಹಸ್ತಪ್ರತಿಪ್ರಿಯೆ:
ಹಾಗೆ ಕಾಣುತ್ತದೆ, ಆದರೆ ಪ್ರತ್ಯಯ ಒಳಗೇ ಅಡಗಿದೆ. ಲ್ಯಾಟಿನ್ನಿನಲ್ಲಿ ‘-ಟಿಯೊ’ ಜೊತೆಗೆ ‘-ಟುಸ್’, ‘-ಸುಸ್’ ಎಂಬ ಇನ್ನೊಂದು ಭಾವನಾಮದ ಪ್ರತ್ಯಯವಿತ್ತು. ‘ವಾಮಿಟುಸ್’ ವಾಂತಿ, ‘ಪುಲ್ಸುಸ್’ ಬಡಿತ, ‘ಫ್ಲುಕ್ಸುಸ್’ ಹರಿವು. ಕೊನೆಯ ‘-ಉಸ್’ ಉದುರಿಹೋಗಿ ಇಂಗ್ಲಿಷಿನಲ್ಲಿ ವಾಮಿಟ್, ಪಲ್ಸ್, ಫ್ಲಕ್ಸ್ ಆದವು. ಕೀವುಗುಳ್ಳೆಗೆ ಹೇಳುವ ‘ಆ್ಯಬ್ಸೆಸ್’ ಕೂಡ ಇದೇ ಕುಲ, ಮೂಲಾರ್ಥ ‘ದೂರ ಹೋಗುವಿಕೆ’: ಕೆಟ್ಟ ರಸ ದೇಹದಿಂದ ಬೇರ್ಪಟ್ಟು ಒಂದೆಡೆ ಸೇರುತ್ತದೆ ಎಂಬ ಕಲ್ಪನೆ.

ಗ್ರೀಕಿನ ‘-ಸಿಸ್’ ಅನ್ನೂ ಮರೆಯಬಾರದು. ‘ಕ್ರೈಸಿಸ್’ ಎಂದರೆ ತೀರ್ಮಾನ, ರೋಗ ಈ ಕಡೆಗೋ ಆ ಕಡೆಗೋ ಎಂದು ನಿರ್ಧಾರವಾಗುವ ಗಳಿಗೆ. ‘ಪ್ಯಾರಲಿಸಿಸ್’ ಫ್ರೆಂಚಿನಲ್ಲಿ ಸವೆದು ‘ಪಾಲ್ಸಿ’ಯಾಗಿ ಮೊದಲು ಬಂತು, ಪೂರ್ಣ ರೂಪ ಆಮೇಲೆ. ‘ಡಯಾಗ್ನೋಸಿಸ್’ ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದ ಕೊನೆಭಾಗದಲ್ಲಿ.

ಸಹ್ಯಾದ್ರಿ ಓದುಗ:
ಎಲಿಯಟ್‌ನ ಉದಾಹರಣೆ ಬಲವಾಗಿದೆ, ಒಪ್ಪುತ್ತೇನೆ. ಆದರೂ ಕೇಳುತ್ತೇನೆ: ‘-ಇಂಗ್’ ಅಷ್ಟು ಸಲೀಸಾಗಿದ್ದರೆ ತತ್ತ್ವದ ಹೆಸರಿನ ಜಾಗವನ್ನು ಅದೇ ಯಾಕೆ ಹಿಡಿಯಲಿಲ್ಲ?

ಮಧ್ಯಯುಗದ ಮಾತು:
ನನ್ನ ಅಭಿಪ್ರಾಯದಲ್ಲಿ ಕಾರಣ ವ್ಯಾಕರಣದಲ್ಲಿದೆ. ‘-ಇಂಗ್’ ಅದೇ ಕಾಲಕ್ಕೆ ಕ್ರಿಯಾಪದದ ಕಡೆಗೆ ಜಾರುತ್ತಿತ್ತು.

ಹಳೆಯ ಇಂಗ್ಲಿಷಿನಲ್ಲಿ ವರ್ತಮಾನ ಕೃದಂತದ ಪ್ರತ್ಯಯ ‘-ಎಂಡೆ’, ಭಾವನಾಮದ್ದು ‘-ಉಂಗ್’ ಅಥವಾ ‘-ಇಂಗ್’. ಎರಡೂ ಬೇರೆ ಬೇರೆ. ಮಧ್ಯಕಾಲೀನ ಇಂಗ್ಲಿಷಿನಲ್ಲಿ, ಮೊದಲು ದಕ್ಷಿಣ ಭಾಗದಲ್ಲಿ, ಕೃದಂತವೂ ‘-ಇಂಗ್’ ಆಗಿ ಎರಡೂ ಒಂದೇ ರೂಪಕ್ಕೆ ಬಂದವು. ಅಲ್ಲಿಂದ ಮುಂದೆ ‘ಲೆಟಿಂಗ್ ಆಫ್ ಬ್ಲಡ್’ ಪಕ್ಕದಲ್ಲಿ ‘ಲೆಟಿಂಗ್ ಬ್ಲಡ್’ ಬೆಳೆಯಿತು. ಮೊದಲನೆಯದು ನಮ್ಮ ‘ರಕ್ತದ ಬಿಡುವಿಕೆ’, ಷಷ್ಠಿ ಬೇಡುವ ಶುದ್ಧ ನಾಮಪದ. ಎರಡನೆಯದು ‘ರಕ್ತವನ್ನು ಬಿಡುವುದು’, ದ್ವಿತೀಯೆ ತೆಗೆದುಕೊಳ್ಳುವ, ಅರ್ಧ ಕ್ರಿಯಾಪದವೇ ಆಗಿರುವ ರೂಪ. ಕನ್ನಡ ಬಲ್ಲವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

16, 17ನೇ ಶತಮಾನಗಳಲ್ಲಿ ಎರಡನೆಯ ಬಗೆ ಹಬ್ಬುತ್ತಾ ಹೋಯಿತು. ಹೀಗೆ ‘-ಇಂಗ್’ ನಡೆಯುತ್ತಿರುವ ಕೆಲಸದ ಕಡೆ ವಾಲಿದಷ್ಟೂ ಎಣಿಸಬಹುದಾದ, ವಿಂಗಡಿಸಬಹುದಾದ, ‘ಇದರ ಕಾರಣವೇನು’ ಎಂದು ಕೇಳಬಹುದಾದ ಹೆಸರಿನ ಜಾಗ ‘-ಷನ್’ಗೆ ತೆರವಾಯಿತು. ವಿಲಿಯಂ ಹಾರ್ವೆ 1628ರಲ್ಲಿ ಲ್ಯಾಟಿನ್ನಿನಲ್ಲಿ ಪ್ರಕಟಿಸಿದ ರಕ್ತಪರಿಚಲನೆಯ ವಿಚಾರ 1653ರಲ್ಲಿ ಇಂಗ್ಲಿಷಿಗೆ ಬಂತು. ಅದಕ್ಕೆ ನಿಂತ ಹೆಸರು ‘ಸರ್ಕ್ಯುಲೇಷನ್’. ರಸವಿದ್ಯೆಯವರು ಮತ್ತೆ ಮತ್ತೆ ಬಟ್ಟಿ ಇಳಿಸುವ ಕ್ರಮಕ್ಕೆ ಬಳಸುತ್ತಿದ್ದ ಪದ ಅದು.

ಪದಪಥಿಕ:
ಇದನ್ನು ಸ್ವತಃ ಪರೀಕ್ಷಿಸಿ ನೋಡಬೇಕು ಅನಿಸುತ್ತಿದೆ. ಪಠ್ಯಗಳು ಗಣಕದಲ್ಲಿ ಹುಡುಕುವ ರೂಪದಲ್ಲಿ ಸಿಗುತ್ತವೆಯೇ?

ಮಧ್ಯಯುಗದ ಮಾತು:
ಹೆಲ್ಸಿಂಕಿ ವಿಶ್ವವಿದ್ಯಾಲಯದ ಇರ್ಮಾ ತಾವಿತ್ಸೈನನ್, ಪೈವಿ ಪಾಹ್ತಾ ಮತ್ತು ಅವರ ಬಳಗ ಇದಕ್ಕೆಂದೇ ಪಠ್ಯಕೋಶ ಕಟ್ಟಿದ್ದಾರೆ. 1375ರಿಂದ 1500ರವರೆಗಿನದು ಸುಮಾರು 5 ಲಕ್ಷ ಪದಗಳದ್ದು, 2005ರಲ್ಲಿ ಬಂತು. 1500ರಿಂದ 1700ರವರೆಗಿನದು ಸುಮಾರು 20 ಲಕ್ಷ ಪದಗಳದ್ದು, 2010ರಲ್ಲಿ ಬಂತು. ಮೊದಲನೆಯದರಲ್ಲಿ ಶಸ್ತ್ರವೈದ್ಯ, ವಿಶೇಷ ಶಾಸ್ತ್ರಗ್ರಂಥ, ಮದ್ದುಪಟ್ಟಿ ಎಂದು ವಿಂಗಡಿಸಿಯೇ ಇಟ್ಟಿದ್ದಾರೆ. ಆ ವಿಂಗಡಣೆಯನ್ನು ಕೈಬಿಡಬೇಡಿ. ಮದ್ದುಪಟ್ಟಿಯನ್ನೂ ಶಾಸ್ತ್ರಗ್ರಂಥವನ್ನೂ ಒಟ್ಟಿಗೆ ಸುರಿದು ಎಣಿಸಿದರೆ ಬರುವ ಸಂಖ್ಯೆಗೆ ಅರ್ಥವಿರುವುದಿಲ್ಲ.

ಕಾಗುಣಿತ ಒಂದೇ ಬಗೆಯದಲ್ಲ. ‘-ಸಿಯೂನ್’, ‘-ಸಿಯನ್’, ‘-ಟಿಯನ್’ ಎಲ್ಲವನ್ನೂ ಹುಡುಕಬೇಕು. ‘-ಇಂಗ್’ನಲ್ಲಿ ‘ಐ’ ಅಕ್ಷರದ ಜಾಗದಲ್ಲಿ ‘ವೈ’ ಇರುತ್ತದೆ, ಕೊನೆಗೊಂದು ‘ಇ’ ಕೂಡ ಸೇರಿರಬಹುದು. ಕೃದಂತಗಳನ್ನು ಕೈಯಿಂದಲೇ ಆರಿಸಿ ತೆಗೆಯಬೇಕು, ಯಂತ್ರಕ್ಕೆ ಬಿಟ್ಟರೆ ‘ಥಿಂಗ್’, ‘ಕಿಂಗ್’ ಕೂಡ ಒಳಬರುತ್ತವೆ.

ಮೊದಲ ಸುತ್ತಿನಲ್ಲಿ ‘ಅಥವಾ’, ‘ಅಂದರೆ’ ಎಂಬರ್ಥದ ಪದಗಳಿಂದ ಜೋಡಿಸಿರುವ ಜೋಡಿಗಳನ್ನಷ್ಟೇ ಹುಡುಕಿ. ಅನುವಾದಕರು ಹೊಸ ಲ್ಯಾಟಿನ್ ಪದವನ್ನೂ ಅದರ ನಾಡಮಾತನ್ನೂ ಹೀಗೆ ಜೊತೆಯಾಗಿ ಇಡುತ್ತಿದ್ದರು. ಯಾವ ಪದ ಮೊದಲು ಬರುತ್ತದೆ, ಯಾವುದು ವಿವರಣೆಯಾಗಿ ಹಿಂದೆ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅದೇ ಗ್ರಂಥದ ಮುಂದಿನ ಪುಟಗಳಲ್ಲಿ ಎರಡರಲ್ಲಿ ಯಾವುದು ಒಂಟಿಯಾಗಿ ಮುಂದುವರಿಯಿತು ಎಂದೂ ನೋಡಿ. ಪಟ್ಟಿ ಮಾಡಿದ ಮೇಲೆ ಇಲ್ಲೇ ಹಾಕಿ, ಗೀ ದ ಶೋಲಿಯಾಕ್‌ನ ಇಂಗ್ಲಿಷ್ ಅನುವಾದದ ಭಾಗವನ್ನು ನಾನು ಓದಿ ಸರಿನೋಡುತ್ತೇನೆ.